ಒಂದು ಉಸಿರಿಗೆ ಎಷ್ಟು ಹೊತ್ತು

ಅರಸೀಕೆರೆಯಿಂದಾಚೆ

ನಮ್ಮ ತಿಪಟೂರಿನ ಬೀದಿಯಲ್ಲಿ ಅರಸೀಕೆರೆ ದಾಟಿದ್ದೆಲ್ಲ ಪರದೇಶವೇ. ಆದ್ದರಿಂದ ನಾನು ಪುಣೆಗೆ ಹೊರಟಿದ್ದೇನೆಂದು ತಿಳಿದಾಗ ನನ್ನ ಹೊಲಿಗೆ ತರಗತಿಯ ಹುಡುಗಿಯರು ಸಮುದ್ರ ದಾಟುವವಳನ್ನು ಕಳಿಸುವ ಹಾಗೆ ಕಳಿಸಿಕೊಟ್ಟರು. ಒಬ್ಬಳು ಚಕ್ಕುಲಿ ಕಟ್ಟಿಕೊಟ್ಟಳು. ಇನ್ನೊಬ್ಬಳು, "ಅಲ್ಲೇನು ನೋಡ್ತೀರಾ ಟೀಚರ್?" ಎಂದಳು. "ಕಂಪ್ಯೂಟರ್ ಕಣೆ" ಎಂದೆ. "ಅಯ್ಯೋ, ಅದು ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡೀಲೇ ಇದೆಯಲ್ಲಾ!" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಸೂಪರ್ ಕಂಪ್ಯೂಟರ್ ಅಂದರೆ ಏನೆಂದು ನನಗೆ ತಾನೆ ಎಲ್ಲಿ ಗೊತ್ತಿತ್ತು?

ನಿಜವಾಗಿ ಹೊರಟವಳು ನನ್ನ ಸೊಸೆ ಭವ್ಯ. ಪುಣೆಯಲ್ಲಿ ದೇಶಕ್ಕೆಲ್ಲ ಲೆಕ್ಕ ಮಾಡಿಕೊಡುವ ಒಂದು ಸೂಪರ್ ಕಂಪ್ಯೂಟರ್ ಕೇಂದ್ರವಿದೆ. ಸಂಶೋಧನೆ ಮಾಡುವವರೂ ಕಾರ್ಖಾನೆಯವರೂ ತಮ್ಮ ತಮ್ಮ ಊರಿನಿಂದಲೇ ಲೆಕ್ಕ ಕಳಿಸುತ್ತಾರೆ, ಅದು ಮಾಡಿ ಕಳಿಸುತ್ತದೆ. ಲೆಕ್ಕ ಕೈಗೂಡದವರನ್ನು ಅಲ್ಲಿಗೇ ಕರೆಸಿ, ಪಕ್ಕದಲ್ಲಿ ಒಬ್ಬ ತಿಳಿದವರನ್ನು ಕೂರಿಸಿ, ವಾರಪೂರ್ತಿ ಕೆಲಸ ಮಾಡಿಸುವ ಶಿಬಿರ ನಡೆಸುತ್ತಾರೆ. ಭವ್ಯಳಿಗೆ ಆ ಕರೆ ಬಂದಿತ್ತು. ಆದರೆ ನನ್ನ ಮೊಮ್ಮಗಳು ಪುಟ್ಟಿಗೆ ಇನ್ನೂ ವರ್ಷ ತುಂಬಿಲ್ಲ, ಬಾಟಲಿ ಕಂಡರೆ ಬಾಯಿ ಬಿಗಿಹಿಡಿಯುವ ಹಠಮಾರಿ. ಮಗನಿಗೆ ಹಾಲಿನ ಡೇರಿಯ ಲ್ಯಾಬಿನಲ್ಲಿ ರಜೆಯಿಲ್ಲ. ಅಮ್ಮನ ಜೊತೆ ಮಗು ಹೋಗಲೇಬೇಕು, ಮಗುವಿನ ಜೊತೆ ಅಜ್ಜಿ ಹೋಗಲೇಬೇಕು.

ರೈಲಿನಲ್ಲಿ ಅವಳ ಸಂಶೋಧನೆಯನ್ನು ನನಗೆ ಅರ್ಥವಾಗುವ ಹಾಗೆ ಹೇಳಿಸಿಕೊಂಡೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಮೂಗಿಗೆ ಕೊಳವೆ ಇಟ್ಟು ಗಾಳಿ ಕೊಡುತ್ತಾರಲ್ಲ, ಆ ಗಾಳಿ ಅಷ್ಟು ಎಳೆಯ ಶ್ವಾಸನಾಳದೊಳಗೆ ಹೇಗೆ ಹೋಗುತ್ತದೆ, ಎಲ್ಲಿ ಸುಳಿ ಸುತ್ತುತ್ತದೆ, ಹೇಗೆ ಹೊರಗೆ ಬರುತ್ತದೆ ಎಂಬ ಲೆಕ್ಕ.

"ಒಂದೇ ಒಂದು ಉಸಿರು ಅತ್ತೆ. ಒಳಗೆ ಹೋಗಿ ಹೊರಗೆ ಬರಬೇಕು, ಅಷ್ಟೇ. ಹೊರಗೆ ಬರ್ತಾ ಇರುವಾಗಲೇ ನಿಂತುಹೋಗುತ್ತೆ. ಪ್ರತಿ ಸಲಾನೂ ಹಾಗೇ" ಎಂದಳು.

"ಯಾಕೆ ನಿಲ್ಲುತ್ತೆ?"

"ಟೈಮ್ ಮುಗಿದೋಗುತ್ತೆ. ನನ್ನ ಪ್ರೋಗ್ರಾಮೇ ಸ್ಲೋ. ನಂಗೆ ಸರಿಯಾಗಿ ಬರೆಯೋಕೆ ಬರಲ್ಲ ಅನ್ಸುತ್ತೆ." ಆಮೇಲೆ ಕಿಟಕಿಯ ಕಡೆ ತಿರುಗಿ, "ಈ ಸಲವೂ ಆಗ್ಲಿಲ್ಲ ಅಂದ್ರೆ ಪಿಎಚ್.ಡಿ. ಬಿಟ್ಟುಬಿಡ್ತೀನಿ. ನಮ್ಮ ಗೈಡ್‌ಗೂ ಹೇಳ್ಬಿಟ್ಟಿದೀನಿ. ಮನೆ ಹತ್ರದ ಸ್ಕೂಲಲ್ಲಿ ಮ್ಯಾತ್ಸ್ ಟೀಚರ್ ಬೇಕಂತೆ" ಎಂದಳು.

ನನಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ, ಸುಳ್ಳೇಕೆ ಹೇಳಲಿ, ಒಳಗೊಳಗೇ ಸಮಾಧಾನ. ಸ್ಕೂಲಿಗೆ ಸೇರಿದರೆ ಸಾಯಂಕಾಲ ನಾಲ್ಕೂವರೆಗೆ ಮನೆಗೆ ಬರುತ್ತಾಳೆ, ಮಗು ಕಣ್ಣೆದುರು ಬೆಳೆಯುತ್ತದೆ. ಆದರೆ ಅವಳ ಮುಖ ನೋಡಲಾಗುತ್ತಿರಲಿಲ್ಲ. "ಸುಮ್ನಿರು, ಹೋಗೋಕ್ ಮುಂಚೆನೇ ಅಪಶಕುನ ನುಡೀಬೇಡ" ಎಂದು ಗದರಿಸಿ ಚಕ್ಕುಲಿ ಕೈಗಿಟ್ಟೆ. ಅವಳು ಅದನ್ನು ಎರಡು ಮುರಿದು ದೊಡ್ಡ ಚೂರು ನನಗೇ ಕೊಟ್ಟಳು. ಈ ಹುಡುಗಿ ಎಲ್ಲದರಲ್ಲೂ ಹೀಗೇ. ನಮ್ಮ ಮನೆಗೆ ಬಂದಾಗಿನಿಂದ ಒಂದು ಸೀರೆ ಬೇಕು, ಒಂದು ಲೋಟ ಕಾಫಿ ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡಿಲ್ಲ.

ಹುಬ್ಬಳ್ಳಿಯಲ್ಲಿ "ಸ್ವಲ್ಪ ಸರೀರಿ ಅಕ್ಕಾರ" ಎನ್ನುತ್ತ ಹತ್ತಿದವರು ಬೆಳಗಾವಿಯಲ್ಲಿ ಇಳಿದರು, ಮೀರಜಿನಲ್ಲಿ ಮರಾಠಿ ಹತ್ತಿತು. ಪುಣೆಯಲ್ಲಿ ಇಳಿಯುವ ಗಡಿಬಿಡಿಯಲ್ಲಿ ಮಗುವನ್ನೂ ಹಾಸಿಗೆಯನ್ನೂ ಚೀಲಗಳನ್ನೂ ಎಣಿಸಿ ಎಣಿಸಿ ಇಳಿಸಿದೆ. ರಾಗಿಸರಿ ಹಿಟ್ಟಿನ ಡಬ್ಬ ಮಾತ್ರ ಸೀಟಿನ ಕೆಳಗೇ ಕುಳಿತು ಮುಂಬೈಗೆ ಹೋಯಿತು.

ಗೇಟು

ಕೇಂದ್ರದ ಗೇಟಿನಲ್ಲಿ ನಮ್ಮನ್ನು ತಡೆದವಳು ಕಾಂತಾಬಾಯಿ. ಖಾಕಿ ಸಮವಸ್ತ್ರ, ಹಣೆಯಲ್ಲಿ ದೊಡ್ಡ ಕುಂಕುಮ, ಸೊಂಟದಲ್ಲಿ ಲಾಠಿ. ಭವ್ಯಳ ಫೋನು ತೆಗೆದಿಟ್ಟುಕೊಂಡು ಒಳಗೆ ಬಿಟ್ಟಳು. ನನ್ನನ್ನೂ ಪುಟ್ಟಿಯನ್ನೂ ನೋಡಿ ತಲೆ ಅಲ್ಲಾಡಿಸಿದಳು. "ಬಾಳಾಲಾ ಆತ್ ನಾಹೀ ಜಾತಾ ಯೇಣಾರ." ಮಗುವಿಗೆ ಒಳಗೆ ಪ್ರವೇಶವಿಲ್ಲ.

ನನಗೆ ಗೊತ್ತಿರುವುದು ಟೀವಿ ಧಾರಾವಾಹಿಯ ಹಿಂದಿ. ಅದರಲ್ಲಿ ಕೋಪ ಮಾಡಿಕೊಳ್ಳುವುದೂ ಶಾಪ ಹಾಕುವುದೂ ಚೆನ್ನಾಗಿ ಬರುತ್ತದೆ, ಮಗುವಿಗೆ ಹಾಲು ಕುಡಿಸಲು ಜಾಗ ಬೇಕು ಎಂದು ಕೇಳಲು ಬರುವುದಿಲ್ಲ. ಕೈಬಾಯಿ ಸೇರಿಸಿ ಹೇಗೋ ಹೇಳಿದೆ. ಕಾಂತಾಬಾಯಿ ಕೇಳಿಸಿಕೊಂಡು, ಸಂದರ್ಶಕರು ಕೂರುವ ಕೋಣೆಯ ಮೂಲೆಗೆ ಕಬ್ಬಿಣದ ಬೀರುವನ್ನು ಎಳೆದು ಅಡ್ಡ ಮಾಡಿದಳು. ಅದರ ಹಿಂದೆ ತನ್ನದೇ ಕುರ್ಚಿ ಇಟ್ಟಳು. ಬೀರುವಿಗೂ ಗೋಡೆಗೂ ನಡುವೆ ತನ್ನ ಓಢಣಿ ಕಟ್ಟಿದಳು, ಸ್ಕೂಟರಿನಲ್ಲಿ ಬರುವಾಗ ಇಲ್ಲಿನ ಹೆಂಗಸರೆಲ್ಲ ಮುಖ ಮುಚ್ಚಿಕೊಳ್ಳುತ್ತಾರಲ್ಲ, ಅಂಥದು. "ಬಸಾ ಆಜಿ" ಎಂದಳು.

ಅಲ್ಲಿಂದ ವಾರವಿಡೀ ಅದೇ ನಮ್ಮ ಮನೆ. ಹಸಿವಾದಾಗ ಪುಟ್ಟಿ ಕೂಗುವಳು, ಕಾಂತಾಬಾಯಿ ಒಳಗೆ ಫೋನು ಮಾಡುವಳು, ಭವ್ಯ ಕತ್ತಿನ ಗುರುತಿನ ಬಿಲ್ಲೆ ಹಾರಾಡಿಸುತ್ತ ಓಡಿಬರುವಳು. ಹೋಗುವಾಗ ಮತ್ತೆ ತಪಾಸಣೆ. ನಿಯಮ ನಿಯಮವೇ. ಬೀರು ಎಳೆದುಕೊಟ್ಟ ಕಾಂತಾಬಾಯಿಯೇ ಭವ್ಯಳ ಚೀಲವನ್ನು ಪ್ರತಿ ಸಲ ಬಿಚ್ಚಿ ನೋಡುತ್ತಿದ್ದಳು, ಪ್ರತಿ ಸಲ ಅದೇ ಟಿಫಿನ್ ಡಬ್ಬಿ. ನಾನು ಒಮ್ಮೆ ನಕ್ಕೆ. ಅವಳು ನಗಲಿಲ್ಲ.

ಬಾಗಿಲು ಬಡಿದರೆ ಕೈ ನೋಯುತ್ತದೆ

ರಾಗಿಸರಿ ಇಲ್ಲದೆ ಪುಟ್ಟಿ ಎರಡನೆಯ ದಿನ ರಂಪ ಶುರುಮಾಡಿದಳು. ರಾಗಿಗೆ ಇಲ್ಲಿ ನಾಚಣಿ ಎನ್ನುತ್ತಾರೆಂದು ಕಾಂತಾಬಾಯಿ ಹೇಳಿಕೊಟ್ಟಳು, ದಾರಿಯನ್ನೂ ತೋರಿಸಿದಳು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸುಡುಬಿಸಿಲಿನಲ್ಲಿ ಹೊರಟೆ. ಒಂದು ಅಂಗಡಿ ಮುಚ್ಚಿತ್ತು. ಅದರ ಪಕ್ಕದ್ದೂ ಮುಚ್ಚಿತ್ತು. ಇಡೀ ಸಾಲಿಗೆ ಸಾಲೇ ಮುಚ್ಚಿತ್ತು. ಯಾರಾದರೂ ದೊಡ್ಡವರು ಹೋಗಿಬಿಟ್ಟರೇನೋ ಎಂದು ಗಾಬರಿಯಾಯಿತು. ಆಮೇಲೆ ಒಂದು ಬಾಗಿಲಿನ ಮೇಲೆ ಬರೆದಿದ್ದನ್ನು ಓದಿದೆ, ಶಾಲೆಯಲ್ಲಿ ಕಲಿತ ಹಿಂದಿ ಅಕ್ಷರ ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು. ಮಧ್ಯಾಹ್ನ ನಾಲ್ಕರವರೆಗೆ ವಿಶ್ರಾಂತಿ, ಬಾಗಿಲು ಬಡಿದರೆ ತೆರೆಯುವುದಿಲ್ಲ, ನಿಮ್ಮ ಕೈ ನೋಯುತ್ತದೆ ಅಷ್ಟೆ ಎಂದಿತ್ತು!

ನಮ್ಮೂರಲ್ಲಿ ಊಟದ ಹೊತ್ತಿಗೆ ಹೋದರೂ ಅಂಗಡಿಯವನು ಎಡಗೈಯಲ್ಲಿ ಬೆಲ್ಲ ತೂಗಿ ಕೊಡುತ್ತಾನೆ. ಇವರ ಠೇಂಕಾರ ಕಂಡು ನನಗೆ ಮೈಯೆಲ್ಲ ಉರಿಯಿತು. ಬಡಿದೆ. ಮತ್ತೆ ಬಡಿದೆ. ಬನಿಯನ್ನಿನಲ್ಲಿದ್ದ ಒಬ್ಬ ಮುದುಕರು ಬಾಗಿಲು ತೆರೆದು, ಬೋರ್ಡಿನ ಕಡೆ ಬೆರಳು ತೋರಿಸಿ, ಮರಾಠಿಯಲ್ಲಿ ಒಂದು ಭಾಷಣ ಬಿಗಿದರು. ಪುಟ್ಟಿ ಅವರ ಬೆರಳು ಹಿಡಿದುಕೊಂಡಳು. ಭಾಷಣ ನಿಲ್ಲಲಿಲ್ಲ, ಆದರೆ ಬೈಯುತ್ತ ಬೈಯುತ್ತಲೇ ಒಳಗೆ ಹೋಗಿ ನಾಚಣಿ ಹಿಟ್ಟು ಕಟ್ಟಿ ತಂದರು. ಜೊತೆಗೆ ಮಗುವಿನ ಕೈಗೆ ಒಂದು ಬಿಸ್ಕತ್ತು. ಮತ್ತೆ ಧಡಾರನೆ ಬಾಗಿಲು ಹಾಕಿಕೊಂಡರು. ಪುಣೆಯವರ ಪ್ರೀತಿ ಈ ಬಗೆಯದು, ಬೈಗುಳದ ಜೊತೆಗೇ ಬರುತ್ತದೆ.

ಹಿಟ್ಟು ಹಿಡಿದು ಗೆದ್ದವಳ ಹಾಗೆ ಗೇಟಿಗೆ ಬಂದರೆ ಬೀರುವಿನ ಹಿಂದೆ ಭವ್ಯ ಕುಳಿತು ಅಳುತ್ತಿದ್ದಳು. ಹಿಂದಿನ ಸಂಜೆ ತಿದ್ದಿ ಕೊಟ್ಟಿದ್ದ ಲೆಕ್ಕ ಮತ್ತೆ ಅಲ್ಲೇ ನಿಂತಿತ್ತು, ಉಸಿರು ಅರ್ಧ ಹೊರಗೆ ಬಂದಾಗ.

"ಆಯ್ತು ಅತ್ತೆ, ಮುಗೀತು. ಊರಿಗೆ ಹೋಗಿಬಿಡೋಣ" ಎಂದಳು. ನಾನು ಮಗುವನ್ನು ಅವಳ ತೊಡೆಗೆ ಹಾಕಿದೆ. ಹಾಲು ಕುಡಿಯುತ್ತ ಪುಟ್ಟಿಯ ಎದೆ ಏರಿ ಇಳಿಯುತ್ತಿತ್ತು. ಅವಳು ಅದನ್ನೇ ನೋಡುತ್ತ ಮತ್ತೆ ಅತ್ತಳು. ಆಗ ನನ್ನೊಳಗಿನ ಸಮಾಧಾನವೆಲ್ಲ ಕರಗಿಹೋಯಿತು. ದೇವರೇ, ಇವಳ ಆ ಒಂದು ಉಸಿರು ಪೂರ್ತಿಯಾಗಲಿ, ಆಮೇಲೆ ಏನಾದರೂ ಆಗಲಿ ಎಂದುಕೊಂಡೆ.

ಬೆಂಚಿನ ಮೇಲೆ ದೇಸಾಯರು

ಭವ್ಯಳ ಪಕ್ಕದಲ್ಲಿ ಕೂರಿಸಿದ್ದ ತಿಳಿದವರು ದೇಸಾಯಿ ಎಂಬ ಹೆಸರಿನವರು. ಧಾರವಾಡದ ಕಡೆಯವರು, ಬಹಳ ವರ್ಷದಿಂದ ಪುಣೆಯಲ್ಲೇ ಇದ್ದಾರೆ. ಮರುದಿನ ಚಹಾದ ಹೊತ್ತಿಗೆ ಭವ್ಯಳನ್ನು ಕರೆದುಕೊಂಡು ಅವರೇ ಗೇಟಿನ ಬಳಿ ಬಂದರು. ನಾನು ಪುಟ್ಟಿಗೆ ಸರಿ ತಿನ್ನಿಸುತ್ತಿದ್ದ ಬೆಂಚಿನ ಮೇಲೆ ಕುಳಿತರು.

"ನಮಸ್ಕಾರ್ರೀ ಅಮ್ಮಾರ. ಕನ್ನಡದಾಗ ನಾಕು ಮಾತಾಡೂಣು ಅಂತ ಬಂದೆ" ಎಂದರು. "ನಿಮ್ಮ ಸೊಸಿ ಭಾಳ ಶಾಣ್ಯಾರಿದ್ದಾರ. ಆದರ ಒಂದು ತಪ್ಪು ಮಾಡ್ಯಾರ. ನಿಮ್ಮ ಮುಂದನ ಹೇಳ್ತೀನಿ."

ಭವ್ಯಳ ಮುಖ ಬಿಳಿಚಿಕೊಂಡಿತು. "ಪ್ರೋಗ್ರಾಮಲ್ಲೇನಾ ಸರ್?" ಎಂದಳು.

"ಪ್ರೋಗ್ರಾಮ್ ನೆಟ್ಟಗದ. ಅದಕ್ಕೇನೂ ಆಗಿಲ್ಲ. ನೀವು ಹೊತ್ತು ಕಡಿಮಿ ಕೇಳೀರಿ." ನನ್ನ ಕಡೆ ತಿರುಗಿದರು. "ನೋಡ್ರಿ ಅಮ್ಮಾರ, ಲೆಕ್ಕ ಕೊಡೂಮುಂದ ಇಷ್ಟು ತಾಸು ಬೇಕು ಅಂತ ಮೊದಲ ಹೇಳಬೇಕು. ಹೇಳಿದಷ್ಟು ಮೆಷಿನ್ ಕೊಡ್ತದ. ಹೊತ್ತು ಮುಗೀತಂದ್ರ ಕುತಗಿ ಹಿಚಕ್ತದ, ಉಸಿರು ಒಳಗರ ಇರಲಿ, ಹೊರಗರ ಇರಲಿ. ಇವರು ಎರಡು ದಿನದ ಕೆಲಸಕ್ಕ ಅರ್ಧ ದಿನ ಕೇಳ್ಯಾರ. ಪ್ರತಿ ಸಲ ಅರ್ಧ ದಿನಾನ. ಪ್ರೋಗ್ರಾಮ್ ತಿದ್ದತಾರ, ತಿದ್ದತಾರ, ಮತ್ತ ಅರ್ಧ ದಿನಾನ ಕೇಳ್ತಾರ. ಯಾಕ್ರೀ ಭವ್ಯಾ?"

ಭವ್ಯ ನೆಲ ನೋಡುತ್ತ ನಿಂತಳು. "ಕ್ಯೂನಲ್ಲಿ ಬೇರೆಯವರದೂ ಇರುತ್ತಲ್ಲ ಸರ್. ಸೈಕ್ಲೋನ್ ಲೆಕ್ಕ ಇರುತ್ತೆ, ಔಷಧಿ ಕಂಡುಹಿಡಿಯೋರದು ಇರುತ್ತೆ. ನಂದು ಬರೀ ಸ್ಟೂಡೆಂಟ್ ಕೆಲ್ಸ. ಜಾಸ್ತಿ ಕೇಳೋದು ಸರಿಯಲ್ಲ ಅಂತ... ಅಷ್ಟರೊಳಗೇ ಮುಗಿಸ್ಬೇಕು ಅಂತ ಫಾಸ್ಟ್ ಮಾಡೋಕೆ ನೋಡ್ತಿದ್ದೆ."

"ನಡುನಡುವ ಉಳಿಸಿಟ್ಟು ಆಮ್ಯಾಲ ಮುಂದುವರಸಬಹುದಿತ್ತಲ್ಲ?"

"ಉಳಿಸೋಕೂ ಟೈಮ್ ಹೋಗುತ್ತೆ ಸರ್, ಡಿಸ್ಕಲ್ಲಿ ಜಾಗಾನೂ ಹಿಡಿಯುತ್ತೆ ಅಂತ ತೆಗೆದುಹಾಕಿದೆ."

ದೇಸಾಯರು ಹಣೆ ಹಣೆ ಚಚ್ಚಿಕೊಂಡರು. "ಕೇಳಿದಿರೇನ್ರಿ? ಗಾಡಿ ಮಾಡೋ ಕಾರ್ಖಾನೆಯವರು ಬೇಕಾದ್ದರ ಎರಡು ಪಟ್ಟು ಕೇಳ್ತಾರ, ಒಂದು ಚೂರೂ ನಾಚಿಕಿ ಇಲ್ಲ. ಸೈಕ್ಲೋನ್‌ದವರೇನು ನಿಮ್ಮನ್ನ ಕೇಳಿ ಬರ್ತಾರೇನ್ರಿ? ಅವರ ಪಾಲು ಅವರಿಗದ. ನಿಮಗಂತ ಕೊಟ್ಟ ಪಾಲಿನಾಗ ನೀವು ಕಾಲುಭಾಗನೂ ಮುಟ್ಟಿಲ್ಲ. ಹಂಗ ಬಿದ್ದದ. ಮೆಷಿನ್ನಿಗೆ ಸಂಕೋಚ ತಿಳಿಯಂಗಿಲ್ಲ ತಂಗಿ. ಕಡಿಮಿ ಕೇಳಿದರ ಒಳ್ಳೆ ಹುಡಿಗಿ ಅಂತ ಅದೇನು ಮೆಚ್ಚಿಕೊಳ್ಳಂಗಿಲ್ಲ."

ನಾನು ಚಮಚ ಕೈಯಲ್ಲಿ ಹಿಡಿದೇ ಕುಳಿತಿದ್ದೆ. ಎಲ್ಲರಿಗೂ ಬಡಿಸಿ ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಹಾಕಿಕೊಳ್ಳುವ ನನ್ನ ಸೊಸೆಯನ್ನು ದಿನಾ ನೋಡುತ್ತೇನೆ. ಒಳ್ಳೆ ಹುಡುಗಿ ಎಂದು ಬೀದಿಯವರೆಲ್ಲರ ಮುಂದೆ ಹೊಗಳಿಕೊಂಡವಳೂ ನಾನೇ. ಅದೇ ಗುಣ ಇಷ್ಟು ದೂರದ ಒಂದು ಯಂತ್ರದೊಳಕ್ಕೂ ಹೊಕ್ಕು, ಅವಳ ಓದಿನ ಕತ್ತು ಹಿಸುಕುತ್ತಿತ್ತು ಎಂದು ಯಾರಿಗೆ ಗೊತ್ತಿತ್ತು! ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

"ಈಗ ಏನ್ಮಾಡ್ಬೇಕು ಸಾರ್?" ಎಂದೆ ನಾನೇ.

"ಪೂರ್ತಿ ಎರಡು ದಿನ ಕೇಳಬೇಕು, ಮ್ಯಾಲ ಒಂದಿಷ್ಟು ಹೆಚ್ಚಿಗಿ. ಒಂದು ತೊಂದರಿ ಅದ. ಹೆಚ್ಚು ಹೊತ್ತು ಕೇಳಿದವರು ಸಾಲಿನಾಗ ಹೆಚ್ಚು ಕಾಯಬೇಕು. ಶುಕ್ರವಾರದೊಳಗ ಮುಗಿಯಂಗಿಲ್ಲ."

ಶುಕ್ರವಾರ ರಾತ್ರಿ ನಮ್ಮ ರೈಲು. ಸೋಮವಾರ ಬೆಳಿಗ್ಗೆ ಒಂದು ಮದುವೆ ಮನೆಗೆ ರವಿಕೆಗಳನ್ನು ಒಪ್ಪಿಸುತ್ತೇನೆಂದು ಮಾತು ಕೊಟ್ಟಿದ್ದೆ. ಭವ್ಯ ನನ್ನ ಮುಖ ನೋಡಿ, "ಬೇಡ ಸರ್..." ಎಂದು ಶುರು ಮಾಡಿದಳು. "ಏಯ್, ಬಾಯ್ಮುಚ್ಚು! ಹೋಗಿ ಎರಡು ದಿನ ಕೇಳು" ಎಂದೆ. ನನ್ನ ಕೂಗಿಗೆ ಕಾಂತಾಬಾಯಿ ಲಾಠಿ ಹಿಡಿದು ಹೊರಗೆ ಬಂದಳು. ತಿಪಟೂರಿನ ಹುಡುಗಿಯರಿಗೆ ಫೋನು ಮಾಡಿ ರವಿಕೆಗಳ ಕೆಲಸವನ್ನು ಅವರಿಗೇ ಒಪ್ಪಿಸಿದೆ. ತೋಳಿನ ಹತ್ತಿರ ಒಳಗೆ ಬಟ್ಟೆ ಜಾಸ್ತಿ ಬಿಡಿ, ಮದುಮಗಳು ದಪ್ಪಗಾಗುತ್ತಿದ್ದಾಳೆ ಎಂದು ಎರಡೆರಡು ಸಲ ಹೇಳಿದೆ.

ಗಾಜಿನಾಚೆ

ಕಾಯುವುದು ಬಹಳ ಕಷ್ಟ. ಗುರುವಾರ ಮಧ್ಯಾಹ್ನದವರೆಗೆ ಸಾಲಿನಲ್ಲೇ ಇತ್ತು. ಆಮೇಲೆ ಶುರುವಾಯಿತು ಎಂದಳು. ಶುಕ್ರವಾರ ಶಿಬಿರ ಮುಗಿದು ಎಲ್ಲರೂ ಊರಿಗೆ ಹೋದರು. ನಾವು ಅತಿಥಿಗೃಹದ ಕೋಣೆಯಲ್ಲಿ ಮಗು ಆಡಿಸುತ್ತ ಕುಳಿತೆವು. ಊಟಕ್ಕೆ ಬಂದ ಬೇಳೆಯ ಸಾರಿನಲ್ಲಿ ಬೆಲ್ಲ, ಪಲ್ಯದಲ್ಲಿ ಸಕ್ಕರೆ. ಉಪ್ಪಿನಕಾಯಿಯೊಂದೇ ನನ್ನ ಕೈಹಿಡಿದದ್ದು. ಭವ್ಯ ಅದನ್ನೂ ತಿನ್ನಲಿಲ್ಲ, ಏನನ್ನೂ ತಿನ್ನಲಿಲ್ಲ.

ಶನಿವಾರ ಸಂಜೆ ದೇಸಾಯರು ತಮ್ಮ ರಜೆಯ ದಿನ ನಮಗಾಗಿ ಬಂದರು. ಹೊರಗಿನವರು ಯಂತ್ರ ನೋಡಲು ಒಂದು ಓಣಿಯಿದೆ, ಅಲ್ಲಿಯವರೆಗೆ ಅಜ್ಜಿಯನ್ನೂ ಮಗುವನ್ನೂ ಬಿಡಬಹುದು ಎಂದು ಚೀಟಿ ಮಾಡಿಸಿದರು. ಕಾಂತಾಬಾಯಿ ಚೀಟಿ ಓದಿದಳು, ಪುಟ್ಟಿಯ ಟೋಪಿಯನ್ನೂ ತೆಗೆದು ನೋಡಿದಳು, ಆಮೇಲೆ ದಾರಿ ಬಿಟ್ಟಳು.

ಗಾಜಿನಾಚೆ ಕಂಡಿದ್ದನ್ನು ನಮ್ಮ ಬೀದಿಯವರಿಗೆ ಹೇಳಿದರೆ ನಿರಾಸೆಯಾದೀತು. ಕಪ್ಪು ಬೀರುಗಳ ಸಾಲು. ಒಳಗೆ ಸಣ್ಣ ಸಣ್ಣ ದೀಪ. ಗೋಡೆಯಾಚೆ ಹಿಟ್ಟಿನ ಗಿರಣಿ ಓಡುವಂಥ ಸದ್ದು. ಗಾಜಿಗೆ ಕೈಯಿಟ್ಟರೆ ತಣ್ಣಗೆ. ಒಂದು ನರಪಿಳ್ಳೆಯೂ ಇಲ್ಲ ಒಳಗೆ. "ಇದೇನಾ?" ಎಂದೆ. "ಇದೇ ಅತ್ತೆ" ಎಂದಳು ಭವ್ಯ, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ. ಒಂದು ಬೀರುವಿನಲ್ಲಿ ಚಂಡಮಾರುತ, ಪಕ್ಕದ್ದರಲ್ಲಿ ಕಾರಿನ ಬಾಗಿಲು, ಇನ್ನೊಂದರಲ್ಲಿ ನನ್ನ ಸೊಸೆಯ ಕೂಸು. ಯಾವುದು ಯಾವುದರಲ್ಲಿ ಎಂದು ದೇಸಾಯರಿಗೂ ಹೇಳಲಾಗಲಿಲ್ಲ.

ಓಣಿಯ ಕೊನೆಯ ಮೇಜಿನ ಮೇಲೆ ಅವರು ಲೆಕ್ಕದ ಚಿತ್ರ ತೆರೆದರು. ಎಳೆಯ ಮರದ ಕೊಂಬೆಗಳಂಥದ್ದೊಂದು ಆಕಾರ, ಅದೇ ಶ್ವಾಸನಾಳ. ನೀಲಿ ಬಣ್ಣದ ಗಾಳಿ ನಿಧಾನವಾಗಿ ಒಳಗಿಳಿಯಿತು, ಕೊಂಬೆಯಿಂದ ಕೊಂಬೆಗೆ ಹರಿಯಿತು, ತುದಿಯವರೆಗೆ ತುಂಬಿತು. ಕ್ಷಣಹೊತ್ತು ನಿಂತಿತು. ಆಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗಿ ಹೊರಗೆ ಬರತೊಡಗಿತು.

"ಇಲ್ಲೇ... ಇಲ್ಲೇ ನಿಲ್ತಿತ್ತು" ಎಂದು ಭವ್ಯ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

ನಿಲ್ಲಲಿಲ್ಲ. ಒಂದು ಕಡೆ ಸುಳಿ ಸುತ್ತಿತು, ಬಿಡಿಸಿಕೊಂಡಿತು, ಮೇಲೆ ಬಂತು, ಪೂರ್ತಿ ಹೊರಗೆ ಹೋಯಿತು. ನಾಳ ಖಾಲಿಯಾಯಿತು. ನಿಜವಾದ ಕೂಸು ಅದನ್ನು ಒಂದು ಕ್ಷಣದಲ್ಲಿ ಮಾಡಿಬಿಡುತ್ತದಂತೆ. ಈ ಯಂತ್ರಕ್ಕೆ ಎರಡು ದಿನ ಬೇಕಾಯಿತು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಹುಟ್ಟಿದ ತಕ್ಷಣ ಉಸಿರಾಡಲಿಲ್ಲ ಎಂದು ಪುಟ್ಟಿಯನ್ನು ನರ್ಸಮ್ಮ ತಲೆಕೆಳಗು ಮಾಡಿ ಬೆನ್ನು ತಟ್ಟಿದ್ದು, ನಾವೆಲ್ಲ ಬಾಗಿಲ ಹೊರಗೆ ಕಲ್ಲಾಗಿ ನಿಂತಿದ್ದು ನೆನಪಾಯಿತು. ಭವ್ಯ ಅಳಲಿಲ್ಲ. "ಸರ್, ಇನ್ನೊಂದ್ಸಲ ಹಾಕಿ" ಎಂದಳು. ಹಾಕಿದರು. "ಇನ್ನೊಂದ್ಸಲ" ಎಂದಳು.

ದೇಸಾಯರು ಆ ಸುಳಿ ಸುತ್ತಿದ ಜಾಗ ತೋರಿಸಿದರು. ಕೂಸುಗಳ ಮೂಗಿನ ಕೊಳವೆ ಮಾಡುವ ಒಂದು ಸಣ್ಣ ಕಾರ್ಖಾನೆ ಪುಣೆಯಲ್ಲೇ ಇದೆ, ಅವರ ಲೆಕ್ಕವೂ ಇಲ್ಲಿಗೇ ಬರುತ್ತದೆ ಎಂದರು. "ಅವರ ಕಡೆ ಕೊಳವಿ ಅದ, ನಿಮ್ಮ ಕಡೆ ಉಸಿರದ. ಎರಡೂ ಕೂಡಿಸಬೇಕು. ಆರು ತಿಂಗಳು ಇಲ್ಲೇ ಕೂತು ಮಾಡೂ ಕೆಲಸ. ಒಂದು ಜಾಗಾ ಖಾಲಿ ಅದ, ನಿಮ್ಮ ಗೈಡ್‌ಗೆ ನಾ ಬರೀತೀನಿ. ವಿಚಾರ ಮಾಡಿ ನಾಳಿಗೆ ಹೇಳ್ರಿ ಭವ್ಯಾ."

ಊರಿಗೆ ಹೊರಡುವ ಮುನ್ನ

ಭಾನುವಾರ ಸಂಜೆ ರೈಲು. ಮಧ್ಯಾಹ್ನ ನಾನು ಬಟ್ಟೆ ಮಡಿಸುತ್ತಿದ್ದೆ, ಪುಟ್ಟಿ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಭವ್ಯ ಬಂದು ನನ್ನ ಮುಂದೆ ನಿಂತಳು.

"ಅತ್ತೆ, ನಂಗೆ ಈ ಕೆಲ್ಸ ಬೇಕು."

"ಮಾಡು. ಬೇಡ ಅಂದೋರು ಯಾರು?"

"ಮಗೂನ ಬಿಟ್ಟಿರೋಕಾಗಲ್ಲ. ಒಬ್ಬಳೇ ನೋಡ್ಕೊಂಡು ಕೆಲ್ಸ ಮಾಡೋಕೂ ಆಗಲ್ಲ. ನೀವು ಇಲ್ಲಿಗೆ ಬಂದು ನಮ್ಮ ಜೊತೆ ಇರಬೇಕು. ಆರು ತಿಂಗಳು, ಪೂರ್ತಿ. ನಿಮ್ಮ ತರಗತಿ ನಿಲ್ಲಿಸ್ಬೇಕಾಗುತ್ತೆ. ಅದು ನಂಗೊತ್ತು. ಆದ್ರೂ ಕೇಳ್ತಿದೀನಿ."

ಮಡಿಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಆ ತರಗತಿ ನನ್ನ ಗಂಡ ಹೋದ ಮೇಲೆ ನಾನು ಒಂದು ಹಳೆಯ ಮಿಷಿನ್ನಿನಿಂದ ಕಟ್ಟಿದ್ದು. ಅದರ ಬಾಗಿಲಿಗೆ ಬೀಗ ಹಾಕುವುದೆಂದರೆ ನನಗೆ ಸಣ್ಣ ಮಾತಲ್ಲ. ಈ ಊರಿನ ಸಿಹಿ ಸಾರು, ಮುಚ್ಚಿದ ಬಾಗಿಲು, ಬಾರದ ಭಾಷೆ, ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬಂದವು.

ಬೇರೆ ದಿನವಾಗಿದ್ದರೆ ನಾನು ಇಷ್ಟು ಹೊತ್ತು ಸುಮ್ಮನಿದ್ದಿದ್ದೇ ಸಾಕಾಗಿತ್ತು. ಹೋಗಲಿ ಬಿಡಿ ಅತ್ತೆ, ಸುಮ್ನೆ ಕೇಳ್ದೆ ಅಷ್ಟೆ, ಎಂದು ಮಡಿಸಿಟ್ಟ ಬಟ್ಟೆ ಎತ್ತಿಕೊಂಡು ಅವಳೇ ಚೀಲಕ್ಕೆ ತುಂಬುತ್ತಿದ್ದಳು. ನಾನು ಆ ಮಾತಿಗಾಗಿ ಕಾದೆ. ನಿಜ ಹೇಳಬೇಕೆಂದರೆ, ಬಂದರೆ ಸಾಕೆಂದೂ ಅನ್ನಿಸಿತು, ಬರಬಾರದೆಂದೂ ಅನ್ನಿಸಿತು.

ಬರಲಿಲ್ಲ. ಭವ್ಯ ತುಟಿ ಕಚ್ಚಿಕೊಂಡು, ಕಣ್ಣು ಕೆಳಗಿಳಿಸದೆ, ನಿಂತೇ ಇದ್ದಳು.

ನಾನು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. "ಬರ್ತೀನಿ ಕಣೆ" ಎಂದೆ.